ಕಮತಗಿಯವನಿಗೆ ಯಾವ ದೇಶ?

ಕಮತಗಿಯ ಗೌಸಿಯಾಳ ಗಂಡ ಅಫ್ಸರ ಟೈಲ್ಸ್ ಕೂಡಿಸುವ ಕೆಲಸಕ್ಕೆ ಬೇರೆ ರಾಜ್ಯದ ದೊಡ್ಡ ಶಹರಕ್ಕೆ ಹೋಗಿದ್ದ. ಒಂದು ದಿನ ಪೊಲೀಸರು ಕೆಲಸದ ಜಾಗಕ್ಕೆ ಬಂದು ಎಲ್ಲರ ಕಾಗದಪತ್ರ ಕೇಳಿದರು. ಅಫ್ಸರನ ಕಾಗದಗಳು ಊರಲ್ಲಿದ್ದವು. ಅವನ ಮಾತು ಅವರಿಗೆ ತಿಳಿಯಲಿಲ್ಲ. ಪರದೇಶದವನೆಂದು ಹಿಡಿದುಕೊಂಡು ಹೋದರು.

ಗೌಸಿಯಾಳಿಗೆ ದಿಕ್ಕೇ ತೋಚಲಿಲ್ಲ. ನಾಳೆ ಬಿಡ್ತಾರ ಎಂದರು ಒಬ್ಬರು. ಗಡಿ ದಾಟಿಸಿದ್ದಾರೆಂದು ಇನ್ನೊಬ್ಬರು. "ಕಮತಗ್ಯಾಗ ಹುಟ್ಟಿದವ್ರನ್ನ ಯಾವ ದೇಶಕ್ಕ ಕಳಸ್ತಾರ?" ಎಂದು ಅವಳು ಸಿಕ್ಕಸಿಕ್ಕವರನ್ನೆಲ್ಲ ಕೇಳಿದಳು.

ಹದಿನಾರನೆಯ ದಿನ, ಅಫ್ಸರನ ಜೊತೆಗೆ ದುಡಿಯುವ ಜಲಾಲುದ್ದೀನ ಅವನನ್ನು ಕಂಡು ಬಂದು, ಪೊಲೀಸರು ಅವನಿಗೆ ಕೊಟ್ಟ ಒಂದು ಇಂಗ್ಲಿಷ್ ಕಾಗದದ ಫೋಟೋ ಕಳಿಸಿದ. ಗೌಸಿಯಾ ಮೊಬೈಲ್ ಹಿಡಿದು ಹಿಂದಿನ ಓಣಿಯ ಜಯಶ್ರೀಯ ಮನೆಗೆ ಓಡಿದಳು. ಜಯಶ್ರೀ ಹುನಗುಂದದ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಸ್ವಯಂಸೇವಕಿ.

ಜಯಶ್ರೀ ಎರಡು ಸಲ ಓದಿದಳು. "ಗೌಸಿಯಾ, ಇದು ದೇಶ ಬಿಟ್ಟು ಕಳಸೂ ಆದೇಶ. ಕೆಳಗ 'ನನಗ ಒಪ್ಪಿಗಿ ಐತಿ, ಮೇಲ್ಮನವಿ ಮಾಡೂದಿಲ್ಲ' ಅಂತ ಬರದೈತಿ. ಅದಕ್ಕ ಅಫ್ಸರ ಸಹಿ ಮಾಡ್ಯಾನ."

"ಅವ್ರಿಗೆ ಇಂಗ್ಲಿಷ್ ಓದಾಕ ಬರೂದಿಲ್ಲಕ್ಕಾ! ಹಾಜರಿ ಸಹಿ ಅಂತ ತಿಳದು ಮಾಡ್ಯಾರಂತ, ಜಲಾಲುದ್ದೀನ ಹೇಳಿದ."

ಬೆನ್ನಿಗೇ ಬಂದಿದ್ದ ಮಾವ ಇಬ್ರಾಹಿಂಸಾಬ ಬಾಗಿಲಿನಿಂದಲೇ ಹೇಳಿದರು. "ಸಹಿ ಮಾಡಿದ ಮ್ಯಾಲ ಮುಗೀತಲ್ಲವ್ವಾ. ಇನ್ನ ವಕೀಲನ್ನ ಹಿಡದ್ರ ಸರಕಾರದ ಮ್ಯಾಲ ಜಗಳಕ್ಕ ಹೋದಂಗ. ಸುಮ್ನ ಇದ್ರ ಅವ್ರಾ ಬಿಡ್ತಾರ."

"ಸುಮ್ನ ಕುಂತ್ರ ಅಪೀಲಿನ ದಿನಾ ಮುಗದು ಹೋಗ್ತಾವ ಕಾಕಾ. ತಿಳೀದ ಮಾಡಿದ ಸಹಿ ಅಂತ ಕೋರ್ಟಿಗೆ ಹೇಳಾಕ ಬರ್ತೈತಿ. ಖರೇನಾ ಪರದೇಶದವ ಇದ್ರೂ ಕಾನೂನಿನ ಪ್ರಕಾರನಾ ನಡೀಬೇಕು. ಅಫ್ಸರ ಅಂತೂ ನಮ್ಮೂರವ. ಕಸ್ಟಡಿಯೊಳಗ ಇದ್ದವಗ ಸರಕಾರನಾ ಪುಕ್ಕಟೆ ವಕೀಲರನ್ನ ಕೊಡ್ತೈತಿ" ಎಂದಳು ಜಯಶ್ರೀ.

"ಪುಕ್ಕಟೆ ವಕೀಲ ಅಂದ್ರ ಖರೇ ವಕೀಲನೇನು?"

"ಖರೇ ವಕೀಲರಾ ಕಾಕಾ. ಕರೀ ಕೋಟೂ ಅದಾ, ಕಾಯ್ದೇನೂ ಅದಾ."

ಮರುದಿನ ಮೂವರೂ ಹುನಗುಂದದ ಕೋರ್ಟಿನಲ್ಲಿರುವ ಕಾನೂನು ಸೇವಾ ಕಚೇರಿಗೆ ಹೋದರು. ವಕೀಲೆ ಗೀತಾಂಜಲಿ ಕಾಗದಗಳನ್ನು ಕೇಳಿದಾಗ ಗೌಸಿಯಾ ಚೀಲದಿಂದ ಒಂದೊಂದಾಗಿ ತೆಗೆದಳು. ಶಾಲೆ ಬಿಟ್ಟ ಸರ್ಟಿಫಿಕೇಟಿನಲ್ಲಿ ಅಪ್ಸರಸಾಬ, ಆಧಾರಿನಲ್ಲಿ ಅಫ್ಸರ ಅಹ್ಮದ, ರೇಷನ್ ಕಾರ್ಡಿನಲ್ಲಿ ಅಬ್ಸರ. ಯಾವುದು ಸರಿ, ಯಾವುದು ತಪ್ಪು ಎಂದು ಅವಳಿಗೇ ತಿಳಿಯದು. ರೇಷನ್ ಕಾರ್ಡನ್ನು ಮೆಲ್ಲಗೆ ಸೆರಗಿನಡಿ ಸರಿಸಿದಳು.

ಗೀತಾಂಜಲಿ ನೋಡಿಬಿಟ್ಟರು. "ಮುಚ್ಚಿಡಬ್ಯಾಡವ್ವಾ. ಬರದವ್ರು ಮೂರು ನಮೂನಿ ಬರದಾರ, ಮನಷ್ಯಾ ಒಬ್ಬನಾ. ತಂದಿ ಹೆಸರು ಒಂದಾ, ಊರು ಒಂದಾ. ಇದ್ದದ್ದು ಇದ್ದಂಗ ಹೇಳೂಣು. ಆದ್ರ ಆಧಾರ ಒಂದಾ ಸಾಲೂದಿಲ್ಲ. ಸಾಲಿ ರಜಿಸ್ಟರ್, ನಿಮ್ಮ ಮಾವನ ಹೆಸರಿರೋ ಹಳೇ ಮತದಾರರ ಪಟ್ಟಿ, ಎರಡೂ ಬೇಕು."

ಊರಿಗೆ ಮರಳಿ ಇಬ್ರಾಹಿಂಸಾಬರೇ ಶಾಲೆಗೆ ಹೋದರು. ಹೆಡ್ ಮಾಸ್ತರ ಗುರಲಿಂಗಪ್ಪನವರು ಹಳೆಯ ರಜಿಸ್ಟರ್ ತೆಗೆದರು. ಮಗನನ್ನು ಒಂದನೇ ಇಯತ್ತೆಗೆ ಹಚ್ಚಿದ ದಿನ ಇಬ್ರಾಹಿಂಸಾಬರು ಒತ್ತಿದ ಹೆಬ್ಬೆರಳಿನ ಗುರುತು ಅಲ್ಲಿತ್ತು. ಮುದುಕರು ಅದರ ಮೇಲೆ ಬೆರಳಿಟ್ಟರು. "ಮಾಸ್ತರ, ಇದರದೊಂದು ನಕಲು ಕೊಡ್ರಿ. ವಕೀಲರಿಗೆ ಕೊಡಬೇಕು" ಎಂದರು.

ಹುನಗುಂದದಿಂದ ರಜಿಸ್ಟರಿನ ನಕಲು, ಹಳೆಯ ಮತದಾರರ ಪಟ್ಟಿ ಸೇರಿ ಎಲ್ಲ ಕಾಗದಗಳೂ ಆ ಶಹರದ ಕಾನೂನು ಸೇವಾ ಕಚೇರಿಗೆ ಹೋದವು. ಅಲ್ಲಿನ ವಕೀಲರು ಅಫ್ಸರನನ್ನು ಕಂಡು, ಅವನ ಪರವಾಗಿ ಮೇಲ್ಮನವಿ ಹಾಕಿದರು. ಆದೇಶವನ್ನು ಅವನ ಭಾಷೆಯಲ್ಲಿ ತಿಳಿಸಿಲ್ಲ, ದಾಖಲೆ ತೋರಿಸಲು ಅವಕಾಶ ಕೊಟ್ಟಿಲ್ಲ ಎಂದು ವಾದಿಸಿದರು. ವಿಚಾರಣೆ ಮುಗಿಯುವವರೆಗೆ ಅವನನ್ನು ಎಲ್ಲಿಗೂ ಕಳಿಸಕೂಡದೆಂದು ಕೋರ್ಟು ತಡೆ ಕೊಟ್ಟಿತು. ಕಮತಗಿಯಲ್ಲಿ ದಾಖಲೆಗಳ ಪರಿಶೀಲನೆ ನಡೆಯಿತು. ಮೇಲ್ಮನವಿ ಹಾಕಿದ ಏಳನೇ ವಾರಕ್ಕೆ ಆದೇಶ ರದ್ದಾಯಿತು.

ಅಫ್ಸರ ಸೊರಗಿ ಮನೆಗೆ ಬಂದ. ಮೂರನೇ ದಿನ ಜಯಶ್ರೀ ಬಂದಾಗ ಹೇಳಿದ: "ಆ ವಕೀಲ್ರು ಕನ್ನಡ ಬರೋ ಒಬ್ಬರನ್ನ ಕರ್ಕೊಂಡು ಬಂದು, ನಿನ್ನ ಊರ ಯಾವುದಪ್ಪಾ ಅಂತ ಕೇಳಿದ್ರು ಅಕ್ಕಾ. ಕಮತಗಿ ಅಂದೆ. ಅವ್ರು ಬರಕೊಂಡ್ರು. ಅಲ್ಲೀತನಕ ಎಲ್ಲಾರೂ ನೀ ಇಲ್ಲ್ಯಾವ ಅಲ್ಲ, ಅಲ್ಲ ಅಂದೂ ಅಂದೂ, ನಾ ಎಲ್ಲ್ಯಾವ ಅನ್ನೂದು ನನಗಾ ಅನುಮಾನ ಆಗಿತ್ತು."

ಓದುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯವರೂ ದುಡಿಯಲು ದೂರ ಹೋಗಿರಬಹುದು. ತಿಳಿಯದ ಕಾಗದಕ್ಕೆ ಸಹಿ ಹಾಕಬೇಡಿ; ನಿಮ್ಮ ಭಾಷೆಯಲ್ಲಿ ಓದಿ ಹೇಳಿರೆಂದು ಕೇಳಿ. ಸಹಿ ಹಾಕಿಬಿಟ್ಟಿದ್ದರೂ ಎದೆಗುಂದಬೇಡಿ, ತಡ ಮಾಡಬೇಡಿ. ಹತ್ತಿರದ ಕೋರ್ಟಿನ ಕಾನೂನು ಸೇವಾ ಕಚೇರಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ವಕೀಲರನ್ನು ಕೇಳುವುದು ಸರಕಾರದ ಜೊತೆ ಜಗಳವಲ್ಲ. ಅದು ನಿಮ್ಮ ಹಕ್ಕು.