ಓಕ್ ಮರದ ವಾಸನೆ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಇರಲಿ, ಆ ಮೂಗಿನಿಂದಲೇ ನನ್ನ ಹೊಟ್ಟೆಪಾಡು. ನೆಲಮಾಳಿಗೆಯಲ್ಲಿ ವೈನ್ ತಯಾರಿಸಿ, ಮೂಸಿ ರುಚಿ ನೋಡುವುದು ನನ್ನ ಕೆಲಸ. ವೈನ್ ಕೂತು ಹದವಾಗುವ ಓಕ್ ಪೀಪಾಯಿಗಳನ್ನು ಮಾಡುವವರು ನನ್ನ ಮಾವ. ಪೀಪಾಯಿಯ ಒಳಮೈಯನ್ನು ಬೆಂಕಿಯಲ್ಲಿ ಕಾಯಿಸಿ, ಮರದ ವಾಸನೆ ಹಿಡಿದು ಹದ ನೋಡುವುದು ಅವರ ವಿದ್ಯೆ.

ಎರಡು ವರ್ಷದಿಂದ ನಮ್ಮ ಶಾರ್ಡನೆ ಎಂಬ ಬಿಳಿ ವೈನ್ ಬಾಯಿಗಿಟ್ಟರೆ ಬರೀ ಹೊಗೆ, ಇದ್ದಿಲು. ಪೀಪಾಯಿ ಅತಿಯಾಗಿ ಸುಟ್ಟಿದೆ ಎಂದೆ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದರು ಮಾವ. ಅಂದಿನಿಂದ ನಮ್ಮ ಊಟದ ಮೇಜಿನ ಮೇಲೆ ಚಮಚಗಳಷ್ಟೇ ಮಾತಾಡುತ್ತಿದ್ದವು.

ದ್ರಾಕ್ಷಿತೋಟ, ನೆಲಮಾಳಿಗೆ ಎರಡರ ಯಜಮಾನಿ ರೋಸಿಹೋಗಿ ಒಂಬತ್ತು ವರ್ಷ ಹಳೆಯ ಬಾಟಲಿಯೊಂದನ್ನು ತೆಗೆಸಿ ನಮ್ಮಿಬ್ಬರನ್ನೂ ಕರೆಸಿದರು. ಅದೇ ತೋಟದ ದ್ರಾಕ್ಷಿ, ಮಾವನದೇ ಪೀಪಾಯಿ.

"ಇದರಲ್ಲೂ ಮರವೇ ಮೇಲೆ ಬಿದ್ದಿದ್ರೆ ಮುಗೀತು. ಈ ಸಲದಿಂದ ಪೀಪಾಯಿ ಬೇಡ, ಸ್ಟೀಲ್ ಟ್ಯಾಂಕು" ಎಂದರು.

ಮಾವನ ಪೀಪಾಯಿ ಕಾರ್ಖಾನೆಗೆ ಇವರ ಹೊರತು ಬೇರೆ ಗಿರಾಕಿಯಿಲ್ಲ. ಅಲ್ಲಿ ದುಡಿಯುವವನು ನನ್ನ ಗಂಡ. ಮಾವ ಬಾಗಿಲ ಬಳಿಯೇ ನಿಂತು ಟೋಪಿಯನ್ನು ಹಿಂಡುತ್ತಿದ್ದರು.

ಮೊದಲ ಗುಟುಕಿನಲ್ಲಿ ಏನೂ ಇರಲಿಲ್ಲ. ಮರದ ಹೊಟ್ಟು ನೆನೆಸಿದ ತಣ್ಣೀರಿನಂತಿತ್ತು. ಯಜಮಾನಿಯ ಹುಬ್ಬು ಗಂಟಿಕ್ಕಿತು.

"ತಡೀರಿ ಮೇಡಂ, ತುಂಬಾ ತಣ್ಣಗಿದೆ. ವಯಸ್ಸಾದ ವೈನು, ಎದ್ದು ಕೂರೋಕೆ ಹೊತ್ತು ಬೇಕು" ಎಂದೆ.

ಯಜಮಾನಿಯೂ ನಾನೂ ಲೋಟಗಳನ್ನು ಅಂಗೈಯಲ್ಲಿ ಅಪ್ಪಿ ಹಿಡಿದು ಕೂತೆವು. ಕೊನೆಗೆ ಯಜಮಾನಿ ಮತ್ತೆ ಮೂಸಿದರು. ನಾನೂ ಮೂಸಿದೆ. ಬೆಣ್ಣೆ, ಹುರಿದ ಬಾದಾಮಿ, ಒಣಗಿಸಿದ ಸೇಬು, ಅವುಗಳ ಹಿಂದೆ ಜೇನು ಒಂದೊಂದಾಗಿ ಬಂದವು. ಮರ ಎಲ್ಲೆಲ್ಲೂ ಇತ್ತು, ಆದರೆ ಯಾರ ತಲೆಯ ಮೇಲೂ ಕೂತಿರಲಿಲ್ಲ. ನುಂಗಿದ ಮೇಲೂ ನಾಲಿಗೆಯ ಅಂಚಿನಲ್ಲಿ ಹುಳಿ ಚುರುಕಾಗಿ ಉಳಿಯಿತು. ಬೇಡಬೇಡವೆಂದರೂ ನನ್ನ ಕಣ್ಣು ತುಂಬಿತು.

"ಹುಣಸೆಮರ ಮುಪ್ಪಾದರೆ ಹುಳಿಗೆ ಮುಪ್ಪೇ!" ಯಜಮಾನಿ ನಕ್ಕುಬಿಟ್ಟರು. "ಇದೇ ಬೇಕಾಗಿದ್ದು. ಪೀಪಾಯಿ ಇರಲಿ. ಈ ವರ್ಷ ಹೀಗೇ ಮಾಡ್ಕೊಡಿ ಯಜಮಾನ್ರೇ. ತಗೊಳ್ಳಿ, ನೀವೂ ನೋಡಿ."

ಹೋದ ಜೀವ ಬಂದಂತಾಯಿತು. ಮಾವ ಲೋಟ ತೆಗೆದುಕೊಂಡು ಮೂಸಿದರು, ಕುಡಿದರು, ಮತ್ತೆ ಮೂಸಿದರು.

"ಚೆನ್ನಾಗಿದೆ. ಆದ್ರೆ ಮರ ಎಲ್ಲಿ? ವಾಸನೇನೇ ಇಲ್ವಲ್ಲ."

ತಮಾಷೆ ಎಂದುಕೊಂಡು ಯಜಮಾನಿ ಇನ್ನಷ್ಟು ನಕ್ಕರು. ನನಗೆ ನಗು ಬರಲಿಲ್ಲ. ಹೋದ ಚಳಿಗಾಲದಲ್ಲಿ ಒಲೆಯೊಳಗೆ ಬ್ರೆಡ್ಡು ಕರಕಲಾಗುತ್ತಿದ್ದರೂ ಮಾವ ಪಕ್ಕದಲ್ಲೇ ಪೇಪರ್ ಓದುತ್ತಾ ಕೂತಿದ್ದರು. ಹಟಮಾರಿ ಮುದುಕ ಎಂದು ಬೈದುಕೊಂಡಿದ್ದೆ. ಬೆಂಕಿಯ ಮುಂದೆ ಅವರು "ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ" ಎನ್ನುತ್ತಾರೆ ಎಂದು ಗಂಡ ಗೊಣಗಿದ್ದೂ ನೆನಪಾಯಿತು. ಆಯುಸ್ಸೆಲ್ಲ ಓಕ್ ಹೊಗೆಯಲ್ಲಿ ನಿಂತ ಮೂಗಿಗೆ ಮರದ ವಾಸನೆಯೂ ಸುಟ್ಟ ವಾಸನೆಯೂ ಸತ್ತುಹೋಗಿದ್ದವು.

ಹೇಳಿದರೆ ಕಾರ್ಖಾನೆ ಹೋಗುತ್ತದೆ, ಹೇಳದಿದ್ದರೆ ಈ ವರ್ಷದ ದ್ರಾಕ್ಷಿಯೂ ಇದ್ದಿಲಾಗುತ್ತದೆ. ಅತ್ತ ದರಿ, ಇತ್ತ ಪುಲಿ.

ಮಾವ ನನ್ನ ಮುಖವನ್ನೇ ನೋಡುತ್ತಿದ್ದರು.

"ನಿನಗೆ ಮರದ ವಾಸನೆ ಬರ್ತಿದೆಯೇನಮ್ಮಾ?"

"ಬರ್ತಿದೆ ಮಾವ. ತುಂಬಾ ಚೆನ್ನಾಗಿ ಬರ್ತಿದೆ."

ಅವರು ಲೋಟವನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು.

"ಮೇಡಂ, ಸೊಸೆ ಹೇಳಿದ್ದು ಸರಿ. ಸುಟ್ಟವನು ನಾನೇ. ನನ್ನ ಮೂಗು ಹೋಗಿದೆ. ಪೀಪಾಯಿ ನಾನು ಕಟ್ತೀನಿ. ಬೆಂಕಿ ಯಾವಾಗ ಆರಿಸಬೇಕು ಅಂತ ಇವಳು ಹೇಳ್ತಾಳೆ."

ಯಜಮಾನಿಯ ನಗು ನಿಂತಿತು. ಅವರು ಬಾಟಲಿಯನ್ನೂ ನಮ್ಮಿಬ್ಬರನ್ನೂ ನೋಡಿದರು.

"ಒಂದೇ ಒಂದು ಪೀಪಾಯಿ ಮಾಡಿ ತನ್ನಿ. ಮೂಸಿ ನೋಡಿ ಹೇಳ್ತೀನಿ."

ಮಾರನೆಯ ಬೆಳಿಗ್ಗೆ ಕಾರ್ಖಾನೆಯಲ್ಲಿ ಬೆಂಕಿ ಹೊತ್ತಿಸಿದೆವು. ಬೆಂಕಿಯ ಹತ್ತಿರ ಮಗನಿಗೂ ಬಾಯಿಬಿಡಲು ಬಿಡದ ಮನುಷ್ಯ ನೀರಿನ ಬಕೆಟ್ ಹಿಡಿದು ನನ್ನ ಮೂಗನ್ನೇ ನೋಡುತ್ತಾ ನಿಂತರು.

"ಈಗ?"

"ಇನ್ನೂ ಇಲ್ಲ ಮಾವ."

"ಈಗ?"

ಹುರಿದ ಬಾದಾಮಿಯ ವಾಸನೆ ಬಂತು.

"ಸಾಕು ಮಾವ" ಎಂದೆ. ಅವರು ನೀರು ಸುರಿದರು.