ಅಮ್ಮನ ಮೊಣಕಾಲುಗಳ ನಡುವೆ

ನೈಲಾನ್ ಕಾಲುಚೀಲದ ಒಂದು ತುದಿ ಅಮ್ಮನ ಹಲ್ಲಲ್ಲಿದೆ, ಎರಡೂ ಕೈ ಲೋರ್ನಾಳ ಒದ್ದೆ ಕೂದಲಲ್ಲಿ, ಅದು ಉರ್ಸುಲಾಳ ಕಾಲುಚೀಲ, ಭಾನುವಾರದ ಚರ್ಚಿಗೆ ಕೂದಲು ನೇರವಾಗಿರಲೆಂದು ಪ್ರತಿ ಶನಿವಾರ ತಲೆಗೆ ಬಿಗಿದು ಸುತ್ತುವುದು, ಆ ಮೊಣಕಾಲುಗಳ ನಡುವಿನ ಜಾಗವೂ ಇಪ್ಪತ್ತು ವರ್ಷದಿಂದ ಉರ್ಸುಲಾಳದೇ, ಈಗ ಅಲ್ಲಿ ಅಕ್ಕ ಲೋರ್ನಾ ಕೂತಿದ್ದಾಳೆ, ಬಂದು ಒಂದು ಗಂಟೆಯೂ ಆಗಿಲ್ಲ. ಮನುಷ್ಯರ ಬಣ್ಣ ಬರೆದಿಡುವ ಕಾನೂನು ರದ್ದಾಯಿತೆಂದು ರೇಡಿಯೋ ಹೇಳಿದ್ದು ಸೋಮವಾರ, ಶನಿವಾರಕ್ಕೆ ಬಾಗಿಲಲ್ಲಿ ಅಕ್ಕ, ಮಳೆಯಲ್ಲಿ ನೆನೆದು, ಅಮ್ಮ ಬೈಯಲೂ ಇಲ್ಲ, ಅಯ್ಯೋ ಕಂದಾ, ತಲೆಯೆಲ್ಲ ಒದ್ದೆಯಲ್ಲೇ, ಕೂತ್ಕೋ ಬಾ — ಕಂದನಂತೆ, ನಲವತ್ತರ ಹತ್ತಿರದವಳು. ಆಗಷ್ಟೇ ತೊಳೆದ ಉರ್ಸುಲಾಳ ಕೂದಲಿಂದಲೂ ನೀರು ತೊಟ್ಟಿಕ್ಕುತ್ತಿದೆ, ಯಾರೂ ನೋಡುವುದಿಲ್ಲ. ಉರ್ಸೀ, ಚಹಾ ಇಡೇ, ಆ ಹೂವಿನ ಪಿಂಗಾಣಿ ಕಪ್ಪಲ್ಲಿ ಕೊಡು — ಹೌದು, ಬಿಳಿಯರ ಕಡೆಯಿಂದ ಬಂದವಳಿಗೆ ಹೂವಿನದೇ ಆಗಬೇಕು. ಅಕ್ಕನ ಗುರುತಿನ ಚೀಟಿಗೆಂದು ಮೂವರೂ ಕಚೇರಿಗೆ ಹೋದ ದಿನ ಅಧಿಕಾರಿ ಅವಳ ಕೂದಲಿಗೆ ಪೆನ್ಸಿಲ್ ಸಿಕ್ಕಿಸಿದ, ಜಾರಿ ಬಿತ್ತು, ಬಿಳಿಯಳು ಎಂದು ಬರೆದ, ಆಮೇಲೆ ಹನ್ನೊಂದರ ಉರ್ಸುಲಾಳತ್ತ ತಿರುಗಿದ, ಅದೇ ಪೆನ್ಸಿಲ್ ನಿಂತೇಬಿಟ್ಟಿತು, ತಲೆ ಅಲ್ಲಾಡಿಸು ಅಂದ, ಅಲ್ಲಾಡಿಸಿದಳು, ಬೀಳಲಿಲ್ಲ, ಮಿಶ್ರವರ್ಣ. ಅಕ್ಕನಿಗೆ ಬೆಟ್ಟದಾಚೆಯ ಬೀದಿ, ಬ್ಯಾಂಕಿನ ಕೆಲಸ, ಕೆಂಪು ಮೀಸೆಯ ಗಂಡ, ತನಗೆ ಶಾಲೆ ಬಿಟ್ಟು ಅಂಗಿ ಕಾರ್ಖಾನೆ, ಕಾಲರು, ಬರೀ ಕಾಲರು. ಒಮ್ಮೆ ರೈಲು ನಿಲ್ದಾಣದಲ್ಲಿ ಎದುರಾದಾಗ ಅಕ್ಕ ಮುಖ ತಿರುಗಿಸಿ ಬಿಳಿಯರ ಬೋಗಿ ಹತ್ತಿದ್ದಳು — ಎಲ್ಲ ನೀನೇ ಇಟ್ಟುಕೋ, ಅಮ್ಮ ಮಾತ್ರ ನನಗಿರಲಿ ಅಂದುಕೊಂಡಿದ್ದಳು ಉರ್ಸುಲಾ, ಈಗ ಅದೂ. ನಿಂಗ್ಯಾಕಕ್ಕಾ ಕಾಲುಚೀಲ, ಪೆನ್ಸಿಲ್ಲೇ ನಿಲ್ಲದಿರೋ ಕೂದಲಿಗೆ, ಅಂದೇಬಿಟ್ಟಳು. ಲೋರ್ನಾ ನಗಲಿಲ್ಲ, ಮುಟ್ಟಿ ನೋಡು ಬಾ. ಮಳೆಗೆ ಬಿಡಿಸಿಕೊಂಡ ಕೂದಲು ಕಿವಿಯ ಹಿಂದೆ ಮುದುಡಿ ಸುರುಳಿಯಾಗುತ್ತಿದೆ, ಉರ್ಸುಲಾ ದಿನಾ ಕನ್ನಡಿಯಲ್ಲಿ ಕಾಣುವ ಅದೇ ಸುರುಳಿ. ಇಷ್ಟು ವರ್ಷ ಗಂಡ ಏಳೋ ಮುಂಚೆ ಎದ್ದು ಕೂದ್ಲು ನೇರಕ್ಕೆ ಎಳ್ಕೋತಿದ್ದೆ ಕಣೇ. ಚಿಕ್ಕಂದಿನಲ್ಲಿ ನೋಡಿರಲಿಲ್ಲವೇ, ನೋಡಿದ್ದಳು, ಪೆನ್ಸಿಲ್ ಬಿದ್ದ ಮೇಲೆ ಅದನ್ನೇ ನಂಬಿದ್ದಳು. ಹಾಗಾದರೆ ಕಚೇರಿಗೆ ಹೋಗುವ ಹಿಂದಿನ ಸಂಜೆ — ಅಮ್ಮ ಕಬ್ಬಿಣದ ಬಾಚಣಿಗೆ ಕಾಯಿಸಿ ಅಕ್ಕನ ಕೂದಲು ಎಳೆದಿದ್ದಳು, ಸುಟ್ಟ ವಾಸನೆ, ಉರ್ಸುಲಾ ತನ್ನ ಸರದಿಗೆ ಕಾದು ನಿಂತಿದ್ದಳು, ನಿಂಗ್ ಬೇಡ ಬಿಡು, ಚಿಕ್ಕೋಳು, ನಿನ್ನ ಯಾರ್ ನೋಡ್ತಾರೆ. ಎಡವಿದೆಯಾ ಅಮ್ಮಾ, ಇಲ್ಲಾ ಒಬ್ಬಳಾದರೂ ನಿನ್ನ ಹತ್ತಿರ ಉಳಿಯಲಿ ಅಂತಲಾ — ಕೇಳುವುದಿಲ್ಲ, ಕೇಳಿದರೆ ಅಮ್ಮ ಹೇಳಿಬಿಟ್ಟಾಳು. ಅಕ್ಕನ ಸುರುಳಿಯಲ್ಲಿ ಅಮ್ಮನ ಬೆರಳು ಸಿಕ್ಕಿಕೊಂಡಿದೆ, ಎಳೆಯುತ್ತಿಲ್ಲ, ಬಿಡಿಸುತ್ತಿಲ್ಲ, ಆ ಬೆರಳು, ಸುರುಳಿಯಲ್ಲಿ, ಆ ಬೆರಳು