ಚೂರುಬಟ್ಟೆಯ ಗಂಟು

ಡಾಕ್ಟರಮ್ಮ ಎರಡೇ ಮಾತು ಆಡಿದರು. ಅದನ್ನು ಅಪ್ಪನಿಗೆ ಹೇಳಲು ಮಗನಿಗೆ ಬಹಳ ಹೊತ್ತು ಹಿಡಿಯಿತು.

ಮೂರು ತಿಂಗಳಿಂದ ಇದು ತಿರುವುಮುರುವಾಗಿತ್ತು. ಡಾಕ್ಟರಮ್ಮ ಇಲ್ಲಿಯ ಭಾಷೆಯಲ್ಲಿ ಉದ್ದಕ್ಕೆ ಹೇಳುತ್ತಿದ್ದರು. ಮಗ, "ಏನಿಲ್ಲವಂತೆ ಅಪ್ಪ, ಮಾತ್ರೆ ಬದಲಾಯಿಸ್ತಾರಂತೆ" ಎಂದು ಮುಗಿಸಿಬಿಡುತ್ತಿದ್ದ. ಇಂದು ಡಾಕ್ಟರಮ್ಮ ಬೇಗ ಸುಮ್ಮನಾದುದನ್ನು ಕಂಡಾಗಲೇ ದರ್ಜಿಯಾದ ಅಪ್ಪ ಎದ್ದು ನಿಂತಿದ್ದ. ಮಗ ಗೋಡೆಗೆ ಒರಗಿಕೊಂಡು, ಅಮ್ಮನನ್ನು ಒಳಗೆ ಕರೆದುಕೊಂಡು ಹೋದದ್ದು, ರಕ್ತ ಕೊಟ್ಟದ್ದು, ರಕ್ತ ಹೋಗುವುದು ನಿಲ್ಲದೆ ಇದ್ದದ್ದು ಎಲ್ಲವನ್ನೂ ಒಂದೊಂದಾಗಿ ಹೇಳಿದ. ಕೊನೆಗೆ, "ಅಮ್ಮ ಹೋದ್ಲು ಅಪ್ಪ" ಎಂದ.

"ಇನ್ನೊಂದು ಮಾತು ಏನಂದ್ರು?"

ಮಗ ನೆಲ ನೋಡಿದ. "ಇಷ್ಟು ದಿನದಿಂದ ರಕ್ತ ಹೋಗ್ತಿತ್ತಲ್ಲ, ಯಾರೂ ಯಾಕೆ ಹೇಳ್ಲಿಲ್ಲ ಅಂತ ಕೇಳಿದ್ರು."

ಈ ಊರಿಗೆ ಬಂದು ಏಳು ವರ್ಷವಾಗಿದ್ದರೂ ದರ್ಜಿಗೆ ಇಲ್ಲಿಯ ಭಾಷೆ ಅಂಗಡಿಗೆ ಬೇಕಾದಷ್ಟೇ ಬರುತ್ತಿತ್ತು: ಉದ್ದ, ಗಿಡ್ಡ, ಬಿಗಿ, ನಾಳೆ. ಹೆಂಡತಿಗೆ ಅಷ್ಟೂ ಬರುತ್ತಿರಲಿಲ್ಲ. "ನಿಮಗೆ ಬರೋದು ‘ನಾಳೆ’ ಒಂದೇ. ಅದನ್ನೇ ಎಲ್ಲರಿಗೂ ಹೇಳ್ತೀರಿ" ಎಂದು ಅವಳು ಗಂಡನನ್ನು ಛೇಡಿಸುತ್ತಿದ್ದಳು. ಮಗ ಮಾತ್ರ ಆ ಭಾಷೆಯನ್ನು ನೀರು ಕುಡಿದಂತೆ ಆಡುತ್ತಿದ್ದ. ಮೊದಲ ಸಲ ಆಸ್ಪತ್ರೆಗೆ ಹೋದಾಗ, ರೋಗಿಯ ಮಾತನ್ನು ಹೇಳುವವರು ಯಾರು ಎಂಬ ಕಾಲಂ ಇದ್ದ ಕಾಗದವೊಂದನ್ನು ಕೊಟ್ಟಿದ್ದರು. "ನನ್ನ ಮಗ" ಎಂದು ಬರೆಸಿ, ಕೆಳಗೆ ದರ್ಜಿಯೇ ಎದೆಯುಬ್ಬಿಸಿ ಸಹಿ ಹಾಕಿದ್ದ.

ಅಂದು ಒಳಗೆ ಡಾಕ್ಟರಮ್ಮ ಏನೋ ಕೇಳಿದರು. ಮಗನ ಕಿವಿ ಕೆಂಪಾದವು. ಅವನು ತಾಯಿಯ ಕಡೆ ತಿರುಗದೆ, "ಅಮ್ಮಾ, ಹೊಟ್ಟೆನೋವು ಬಿಟ್ರೆ ಬೇರೆ ಏನೂ ಇಲ್ಲ ತಾನೆ?" ಎಂದ.

"ಏನೂ ಇಲ್ಲಪ್ಪ" ಎಂದಳು ತಾಯಿ. ಅವಳ ಬೆರಳುಗಳು ಕೈಚೀಲದ ಹಿಡಿಯನ್ನು ಸುತ್ತುತ್ತಲೇ ಇದ್ದವು.

ಹೊಲಿಗೆ ಮೆಷಿನ್ನಿನ ಕೆಳಗೆ ಚೂರುಬಟ್ಟೆಯ ಒಂದು ಗಂಟು ಯಾವಾಗಲೂ ಇರುತ್ತಿತ್ತು. ಕತ್ತರಿಸಿ ಉಳಿದ ತುಂಡುಗಳನ್ನೆಲ್ಲ ಅದರಲ್ಲಿ ತುರುಕಿ, ದರ್ಜಿ ಅದರ ಮೇಲೆ ಎಡಗಾಲು ಇಟ್ಟುಕೊಂಡು ಕೂರುತ್ತಿದ್ದ. ಆ ತಿಂಗಳು ಅವನ ಕಾಲು ದಿನದಿನಕ್ಕೆ ಕೆಳಗಿಳಿಯಿತು. ಬಿಳಿಯ ಹತ್ತಿ ತುಂಡುಗಳು ಮೊದಲು ಹೋದವು, ಆಮೇಲೆ ಬಣ್ಣದವು. ಒಂದು ದಿನ ಪಾದ ಬರೀ ನೆಲಕ್ಕೆ ತಗುಲಿತು.

"ಗಂಟು ಎಲ್ಲಿ ಹೋಯ್ತೇ?"

"ದಿಂಬಿಗೆ ತುಂಬಿದೆ."

ಅವಳು ಸ್ನಾನಕ್ಕೆ ಹೋದಾಗ ಅವನು ನಾಲ್ಕೂ ದಿಂಬುಗಳನ್ನು ಒತ್ತಿ ನೋಡಿದ. ಒಳಗೆ ಹಳೆಯ ಹತ್ತಿಯೇ ಇತ್ತು. ಬಚ್ಚಲಿನಲ್ಲಿ ನೀರು ಬೀಳುತ್ತಲೇ ಇತ್ತು, ಒಬ್ಬರ ಸ್ನಾನಕ್ಕೆ ಬೇಕಾದುದಕ್ಕಿಂತ ಬಹಳ ಹೊತ್ತು. ಅವಳಿಗೆ ತಿಂಗಳ ಮುಟ್ಟು ನಿಂತು ಹತ್ತು ವರ್ಷವಾಗಿತ್ತು. ಅವನಿಗೆ ಅರ್ಥವಾಯಿತು, ಆದರೆ ಕೇಳಿದರೆ ಅವಳು ನಾಚಿ ಸಾಯುತ್ತಾಳೆ ಎಂದುಕೊಂಡು ದಿಂಬುಗಳನ್ನು ಇದ್ದಂತೆಯೇ ಇಟ್ಟ.

ಮುಂದಿನ ಸಲ ಆಸ್ಪತ್ರೆಯ ಪಡಸಾಲೆಯಲ್ಲಿ ನೆಲ ಒರೆಸುವ ಹೆಂಗಸು ಅವರನ್ನು ತಡೆದಳು. ಅವಳದೂ ಇವರದೇ ಭಾಷೆ. "ಅಣ್ಣಾ, ಅಕ್ಕ ನನ್ನ ಹತ್ರ ಏನೋ ಹೇಳೋಕೆ ಬಂದು ಸುಮ್ಮನಾದ್ರು. ಹುಡುಗ ಹೊರಗಿರ್ಲಿ, ನಾನು ಒಳಗೆ ಬರ್ಲಾ? ಡಾಕ್ಟರಮ್ಮನ್ನ ನಾನೇ ಕೇಳ್ತೀನಿ."

ಹೆಂಡತಿ ಗಂಡನ ಮುಖವನ್ನೇ ನೋಡುತ್ತಿದ್ದಳು.

"ಬೇಡಮ್ಮ" ಎಂದ ದರ್ಜಿ. "ಮಗ ಇರುವಾಗ ಹೊರಗಿನವರಿಗೆ ಯಾಕೆ ತೊಂದರೆ? ಮನೆ ವಿಷಯ ಮನೇಲೇ ಇರ್ಲಿ."

ಹೆಂಗಸು ಬಕೆಟ್ಟು ಎತ್ತಿಕೊಂಡು ಹೋದಳು. ಹೆಂಡತಿ ಮುಖ ತಿರುಗಿಸಿಕೊಂಡಳು. ಅದಾದ ಹದಿನೇಳನೆಯ ದಿನ ಅವಳು ತೀರಿಕೊಂಡಳು.

ಅವಳು ಹೋದ ತಿಂಗಳಿಗೆ ಆಸ್ಪತ್ರೆಯಿಂದ ಅಧಿಕಾರಿಣಿಯೊಬ್ಬಳು ಮನೆಗೆ ಬಂದಳು. ಜೊತೆಯಲ್ಲಿ ಒಂದು ಭಾಷೆಯ ಮಾತನ್ನು ಇನ್ನೊಂದರಲ್ಲಿ ಹೇಳಲೆಂದೇ ನೇಮಿಸಿದ ಒಬ್ಬ ಹೆಂಗಸು ಇದ್ದಳು. ಇನ್ನು ಮೇಲೆ ಮನೆಯವರಿಂದ ಮಾತು ಹೇಳಿಸದೆ, ಹೆಂಗಸರಿಗೆ ಹೆಂಗಸರನ್ನೇ ಇಡುವ ನಿಯಮ ತರುತ್ತಿದ್ದಾರಂತೆ. ಈ ಮನೆಯಲ್ಲಿ ನಡೆದದ್ದನ್ನು ಬರೆದುಕೊಳ್ಳಬೇಕಂತೆ.

ಮಗ ತಾನಾಗಿಯೇ ಮನೆಯ ಭಾಷೆಯಲ್ಲಿ ಬಾಯಿ ಬಿಟ್ಟ. "ತಪ್ಪು ನಂದೇ. ಅವರು ಕೇಳಿದ್ದನ್ನ ನಾನು ಅಮ್ಮನ್ನ ಕೇಳ್ಲಿಲ್ಲ. ನಾಚ್ಕೊಂಡೆ. ಹಾಗೇ ಬರ್ಕೊಳಿ." ಈ ತಿಂಗಳಿಡೀ ಅವನು ಸರಿಯಾಗಿ ಉಂಡಿರಲಿಲ್ಲ, ಅಪ್ಪ ಅಳತೆಗೆ ಹೊಲಿದ ಅಂಗಿ ಮೈಮೇಲೆ ನೇತಾಡುತ್ತಿತ್ತು. ಜೊತೆಯ ಹೆಂಗಸು ಹೇಳಿದಂತೆ ಅಧಿಕಾರಿಣಿ ಬರೆಯತೊಡಗಿದಳು.

ದರ್ಜಿಯ ಎಡಗಾಲು ಮೆಷಿನ್ನಿನ ಕೆಳಗಿನ ಬರೀ ನೆಲವನ್ನು ತಡಕಿತು. ಸುಮ್ಮನಿದ್ದರೆ ಆಗುತ್ತಿತ್ತು. ದಿಂಬು ಒತ್ತಿ ನೋಡಿದ್ದನ್ನು ಕಂಡವರು ಯಾರೂ ಇರಲಿಲ್ಲ.

"ಬರೆಯೋದು ನಿಲ್ಲಿಸೋಕೆ ಹೇಳಮ್ಮ" ಎಂದ ಅವನು, ಮಾತು ಹೇಳುವ ಹೆಂಗಸಿಗೆ.

ಮಗ ಎದ್ದು ನಿಂತ. "ಅಪ್ಪಾ, ನಾನು ಹೇಳ್ತೀನಿ."

"ನೀನು ಕೂತ್ಕೊ. ನೀನು ಹೇಳೋದು ಬೇಡ, ಕೇಳಿಸ್ಕೊ." ಅವನು ಹೆಂಗಸಿನ ಕಡೆ ತಿರುಗಿದ. "ನಾನು ಹೇಳೋದನ್ನ ಒಂದೂ ಬಿಡದೆ ಹೇಳಮ್ಮ. ನನ್ನ ಹೆಂಡತಿಯ ಕಾಯಿಲೆ ಇವನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು."

ಗಂಟಿನ ಕಥೆ, ದಿಂಬಿನ ಕಥೆ, ನೆಲ ಒರೆಸುವವಳನ್ನು ಕಳಿಸಿಬಿಟ್ಟ ಕಥೆ ಎಲ್ಲವೂ ಒಂದೊಂದಾಗಿ ಆ ಭಾಷೆಗೆ ಹೋದವು. ಮಗ ತಂದೆಯ ಕಡೆ ನೋಡಲಿಲ್ಲ. ಅವರು ಹೋದ ಮೇಲೂ ನೋಡಲಿಲ್ಲ. ಎದ್ದು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡ. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ಅಳು ಕೇಳಿಸಿತು, ಒಂದು ತಿಂಗಳಲ್ಲಿ ಮೊದಲ ಸಲ.

ದರ್ಜಿ ಕೊರಳಿನ ಟೇಪು ತೆಗೆದು ಮೆಷಿನ್ನಿನ ಮೇಲಿಟ್ಟು ಕೈ ಮುಗಿದ.

"ದೇವರೇ, ನನ್ನನ್ನು ಕ್ಷಮಿಸು ಅಂತ ಕೇಳೋದಿಲ್ಲ. ಅವಳು ಅಲ್ಲಿ ಬಾಗಿಲ ಹತ್ರ ನಿಂತಿರ್ತಾಳೆ, ನಾಚಿಕೆ ಸ್ವಭಾವ, ತಾನಾಗಿ ಬಾಯಿ ಬಿಡೋದಿಲ್ಲ. ಹತ್ರ ಕೂರಿಸ್ಕೊಂಡು ನೀನೇ ಮೆಲ್ಲಗೆ ಕೇಳು. ಎಷ್ಟು ಹೊತ್ತಾದ್ರೂ ಕಾಯಿ. ಅವಳಿಗೆ ಶಾಂತಿ ಕೊಡು ತಂದೆ."